ಟೀಚರಮ್ಮನ ಬದಿಯ ಕಿಟಕಿ

"ಬುದ್ಧೀ, ನಾನು ಹೇಳಿದ ಮಾತಿನಲ್ಲಿ ತಪ್ಪೇನಾದರೂ ಇತ್ತೇ?" ಎಂದು ಕೊಟ್ರೇಶಿ ಕೇಳಿದ.

ಕೊಟ್ರೇಶಿ ಹಾಲಯ್ಯ ಗುರುಗಳ ಮಠಕ್ಕೆ ಓದಲು ಬಂದು ಆರು ವರ್ಷವಾಗಿತ್ತು. ಒಮ್ಮೆ ಓದಿದ್ದನ್ನು ಮರೆಯುವವನಲ್ಲ. ಪಕ್ಕದ ಊರಿನಲ್ಲಿ ಒಬ್ಬ ಬಡಗಿಯ ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಬಡಗಿ ಆಮೇಲೆ ಉಳಿ ಮುಟ್ಟಿರಲಿಲ್ಲ. ಹೊಟ್ಟೆ ತುಂಬ ಉಂಡೂ ಇರಲಿಲ್ಲ. ಹೋಗಿ ಸಮಾಧಾನ ಹೇಳಿ ಬಾ ಎಂದು ಗುರುಗಳೇ ಇವನನ್ನು ಕಳಿಸಿದ್ದರು. ಇವನು ಒಂದಲ್ಲ, ನಾಲ್ಕು ಸಲ ಹೋಗಿ ಬಂದಿದ್ದ.

"ದೇಹ ಶಾಶ್ವತವಲ್ಲ ಎಂದೆ. ಹುಟ್ಟಿದ ಮೇಲೆ ಹೋಗುವುದು ಇದ್ದದ್ದೇ ಎಂದೆ. ಒಂದು ದಿನ ಹೇಳಿದ್ದನ್ನು ಇನ್ನೊಂದು ದಿನ ಹೇಳಲಿಲ್ಲ. ನಾನು ಮಾತಾಡುವಷ್ಟು ಹೊತ್ತು ತಲೆ ಆಡಿಸುತ್ತಾನೆ. ಈಗ ಮನಸ್ಸು ಹಗುರಾಯಿತು ಬುದ್ಧಿ ಎನ್ನುತ್ತಾನೆ. ನಾನು ಈ ಕಡೆ ಬಂದದ್ದೇ ತಡ, ಮತ್ತೆ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಾನಂತೆ. ತಪ್ಪು ನನ್ನ ಮಾತಿನದೋ, ಅವನ ಮನಸ್ಸಿನದೋ ತಿಳಿಯದು."

"ನಿನ್ನ ಮಾತಿನಲ್ಲಿ ತಪ್ಪಿಲ್ಲ. ಅಷ್ಟು ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ" ಎಂದರು ಗುರುಗಳು.

ಕೊಟ್ರೇಶಿಯ ಮುಖ ಅರಳಿತು.

"ಹಿಗ್ಗಬೇಡ, ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ. ಪುರಾಣದ ಕತೆ ಬೇಕೆಂದರೆ ಕಪಾಟಿನಲ್ಲಿ ಬೇಕಾದಷ್ಟಿವೆ, ನೀನೇ ಓದಿಕೋ. ಈ ಕಾವಿ ಮೈಮೇಲೆ ಬರುವ ಮೊದಲು ನಾನು ಎಂಟು ವರ್ಷ ಲಾರಿ ಕ್ಲೀನರ್ ಆಗಿದ್ದವನು. ಗಾಡಿಯ ಕತೆಯೇ ನನಗೆ ಸಲೀಸು."

ಹೀಗೆಂದು ಗುರುಗಳು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಸ್ವಂತದ ಒಂದು ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಅದೇ ಊರಿನಲ್ಲಿ ಒಬ್ಬ ಟೀಚರಮ್ಮ ಇದ್ದರು. ಮೂವತ್ತು ವರ್ಷ ಅಂಗನವಾಡಿ ನಡೆಸಿ ಮನೆಯಲ್ಲಿ ಕೂತವರು. ಮದುವೆಯಾಗಿರಲಿಲ್ಲ, ತಂಗಿಯ ಮನೆಯಲ್ಲಿ ಇದ್ದರು. ಚಾಲಕನಿಗೆ ಅಕ್ಷರ ತಿದ್ದಿಸಿದವರು ಅವರೇ. ಅವನು ಚಡ್ಡಿ ಒದ್ದೆ ಮಾಡಿಕೊಂಡಾಗ ತೊಳೆದು, ಒಣಗಿಸಿ, ಮತ್ತೆ ತೊಡಿಸಿದವರೂ ಅವರೇ. ಊರಿನ ಅರ್ಧ ಜನಕ್ಕೆ ಅವರು ಇದನ್ನು ಮಾಡಿದ್ದರು. ಅರ್ಧ ಜನ ಅದನ್ನು ಮರೆತಿದ್ದರು. ಇವನು ಮರೆತಿರಲಿಲ್ಲ.

ಟೀಚರಮ್ಮನಿಗೆ ಮೂತ್ರಪಿಂಡ ಕೆಟ್ಟಿತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಡಯಾಲಿಸಿಸ್ ಅನ್ನುತ್ತಾರಲ್ಲ, ಅದು. ಹೋಗುವುದು ಒಂದೂವರೆ ತಾಸಿನ ದಾರಿ, ಬರುವುದೂ ಅಷ್ಟೇ. ಚಾಲಕ ಆ ಎರಡು ದಿನ ಬೇರೆ ಯಾರ ಬಾಡಿಗೆಯನ್ನೂ ಒಪ್ಪುತ್ತಿರಲಿಲ್ಲ.

ಹೋಗುವಾಗ ಏನೂ ತೊಂದರೆಯಿರಲಿಲ್ಲ. ಬರುವಾಗ ಅವರಿಗೆ ಹೊಟ್ಟೆ ತೊಳಸುತ್ತಿತ್ತು, ತಲೆ ಸುತ್ತುತ್ತಿತ್ತು. ಎಸಿ ಹಾಕಿದರೆ ಅದರ ವಾಸನೆಗೇ ವಾಂತಿ. ಆದ್ದರಿಂದ ತಮ್ಮ ಪಕ್ಕದ ಗಾಜು ಪೂರ್ತಿ ಇಳಿಸಿ, ಗಾಳಿಗೆ ಮುಖ ಕೊಟ್ಟು ಕೂರುತ್ತಿದ್ದರು. ತಡೆಯಲಾರದಾದಾಗ ಚಾಲಕ ಗಾಡಿ ಬದಿಗೆ ತರುವಷ್ಟರಲ್ಲಿ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತಿದ್ದರು. ಸೂಜಿ ಚುಚ್ಚುವ ಜಾಗ ಎಡಗೈಯಲ್ಲಿತ್ತು. ಅದಕ್ಕೆ ಏನೂ ಒತ್ತಬಾರದು, ತಾಗಬಾರದು. ಹಾಗಾಗಿ ಎಡಗಡೆಯ ಬಾಗಿಲಿಗೆ ಆತುಕೊಂಡು ಕೂರುವಂತಿಲ್ಲ. ಯಾವಾಗಲೂ ಬಲಗಡೆ, ಚಾಲಕನ ಹಿಂದಿನ ಸೀಟು.

ಒಂದು ಶುಕ್ರವಾರ ಬರುವಾಗ ಆ ಬಲಗಡೆಯ ಗಾಜು ಇಳಿಯಲಿಲ್ಲ.

ಚಾಲಕ ತನ್ನ ಬಾಗಿಲಿನ ಸ್ವಿಚ್ ಒತ್ತಿದ. ಇಳಿಯಲಿಲ್ಲ. ಟೀಚರಮ್ಮ ತಮ್ಮ ಬಾಗಿಲಿನ ಸ್ವಿಚ್ ಒತ್ತಿದರು. ಇಳಿಯಲಿಲ್ಲ. ಉಳಿದ ಮೂರು ಕಿಟಕಿ ತೆಗೆದರು, ಗಾಳಿ ಬಂತು. ಆದರೆ ವಾಂತಿ ಬಂದಾಗ ತಲೆ ಹಾಕಲು ಜಾಗವಿರಲಿಲ್ಲ. ಸೆರಗಿನಲ್ಲೇ ಹಿಡಿದರು, ಸೀಟಿನ ಮೇಲೂ ಆಯಿತು. ಚಾಲಕ ಗಾಡಿ ನಿಲ್ಲಿಸಿ, ನೀರು ಕೊಟ್ಟು, ಎಲ್ಲವನ್ನೂ ಒರೆಸಿದ. ಅವನಿಗೆ ಹೇಸಿಗೆ ಅನ್ನಿಸಲಿಲ್ಲ. ಅವರಿಗೆ ಮಾತ್ರ ತಡೆಯಲಾಗಲಿಲ್ಲ. ನೂರಾರು ಮಕ್ಕಳ ಹೊಲಸು ಬಳಿದ ಹೆಂಗಸು, ತನ್ನದನ್ನು ಇನ್ನೊಬ್ಬ ಬಳಿಯುವುದನ್ನು ನೋಡಲಾರದೆ ಅತ್ತುಬಿಟ್ಟರು.

ಮರುದಿನ ಬೆಳಿಗ್ಗೆಯೇ ಚಾಲಕ ಊರಿನ ಮೆಕ್ಯಾನಿಕ್ ಹತ್ತಿರ ಹೋದ. ಮೆಕ್ಯಾನಿಕ್ ಕೆಲಸ ಬಲ್ಲವನು. ಮೊದಲು ಫ್ಯೂಸ್ ನೋಡಿದ, ಚೆನ್ನಾಗಿತ್ತು. ಆಮೇಲೆ ಬಾಗಿಲು ತೆಗೆದು, ಸ್ವಿಚ್ ಕಿತ್ತು, ಹೊಸದು ಕೂರಿಸಿದ. ಒತ್ತಿದ, ಗಾಜು ಸರ್ರನೆ ಇಳಿಯಿತು. ಮತ್ತೆ ಒತ್ತಿದ, ಏರಿತು. "ಸ್ವಿಚ್ ಸುಟ್ಟಿತ್ತು ನೋಡು" ಎಂದ. ಚಾಲಕನಿಗೆ ಸಂತೋಷವಾಯಿತು.

ಮಂಗಳವಾರ ಬರುವಾಗ ಗಾಜು ಇಳಿಯಲಿಲ್ಲ.

ಬುಧವಾರ ಅವನು ಇನ್ನೊಂದು ಗ್ಯಾರೇಜಿಗೆ ಹೋದ. ಅಲ್ಲಿ ಒಬ್ಬ ಎಲೆಕ್ಟ್ರಿಷಿಯನ್. ಬಾಗಿಲನ್ನು ಅಗಲಕ್ಕೆ ತೆಗೆದ. ಒಳಗಿನ ಹಲಗೆ ಬಿಚ್ಚಿದ. ಮೋಟಾರ್ ಹೊರಗೆ ತೆಗೆದು, ಮೂಗಿನ ಹತ್ತಿರ ಹಿಡಿದು ಮೂಸಿದ. "ಇದರ ಆಯುಷ್ಯ ಮುಗಿದಿದೆ" ಎಂದ. ಹೊಸ ಮೋಟಾರ್ ಹಾಕಿ ಒತ್ತಿದ. ಗಾಜು ಹತ್ತು ಸಲ ಇಳಿಯಿತು, ಹತ್ತು ಸಲ ಏರಿತು. ಚಾಲಕ ಎಣಿಸಿದ್ದ. ಹಲಗೆ ಕೂರಿಸಿ, ಬಾಗಿಲು ಮುಚ್ಚಿ, ಹೋಗಿ ಬಾ ಎಂದು ಕಳಿಸಿಕೊಟ್ಟ.

ಶುಕ್ರವಾರ ಬರುವಾಗ ಗಾಜು ಇಳಿಯಲಿಲ್ಲ.

ಚಾಲಕನ ಹೆಂಡತಿ ಕಾರಿಗೆ ದೃಷ್ಟಿ ತೆಗೆದಳು. ಮೂರನೆಯ ಗ್ಯಾರೇಜಿನವನು ಗಾಜು ಜಾರುವ ಸಂದಿಯಲ್ಲಿ ದೂಳು ಕಟ್ಟಿದೆ ಎಂದು ಅದನ್ನೆಲ್ಲ ಕೆರೆದು, ರಬ್ಬರಿಗೆ ಜಾರುವ ದ್ರವ ಹೊಡೆದ. ಅವನೂ ಬಾಗಿಲು ತೆಗೆದೇ ಕೆಲಸ ಮಾಡಿದ, ತೆಗೆದೇ ಒತ್ತಿ ನೋಡಿದ. ಬಾಗಿಲಿನ ಕೆಲಸವನ್ನು ಬಾಗಿಲು ಮುಚ್ಚಿ ಯಾರು ಮಾಡುತ್ತಾರೆ? ಗಾಜು ಬೆಣ್ಣೆಯಂತೆ ಇಳಿಯಿತು. ಮೂವರಲ್ಲಿ ಒಬ್ಬನೂ ಮೋಸಗಾರನಲ್ಲ. ಒಬ್ಬೊಬ್ಬನೂ ತನ್ನ ಕಣ್ಣಾರೆ ಗಾಜು ಇಳಿಯುವುದನ್ನು ನೋಡಿಯೇ ಕಳಿಸಿದ್ದ.

ಈಗ ನಮ್ಮ ಚಾಲಕನ ಸಂಗತಿ ಕೇಳು. ಅವನಿಗೆ ಟೀಚರಮ್ಮನೆಂದರೆ ಅಷ್ಟು ಮರ್ಯಾದೆ. ಅವರನ್ನು ಬಾಗಿಲಿಗೆ ಕೈ ಹಾಕಲು ಬಿಡುತ್ತಿರಲಿಲ್ಲ. ತಾನೇ ತೆಗೆಯುವುದು, ತಲೆಗೆ ತಾಗದಂತೆ ಮೇಲೆ ಕೈ ಅಡ್ಡ ಹಿಡಿಯುವುದು, ಕೂರಿಸಿ ಸೆರಗು ಸಿಕ್ಕದಂತೆ ಒಳಗೆ ಹಾಕುವುದು, ಬಾಗಿಲು ಮೆತ್ತಗೆ ಮುಚ್ಚುವುದು. ಆಮೇಲೆ ತನ್ನ ಸೀಟಿಗೆ ಬಂದು "ಗಾಜು ಇಳಿಸಲಾ ಟೀಚರಮ್ಮ?" ಎಂದು ಕೇಳುವುದು. ಮೊದಲ ಸಲ ಕೆಟ್ಟ ಮೇಲೆ ಇನ್ನೊಂದು ಮಾತು ಸೇರಿಸಿದ: "ನೀವು ಸ್ವಿಚ್ ಮುಟ್ಟಬೇಡಿ, ನಾನೇ ನೋಡಿಕೊಳ್ಳುತ್ತೇನೆ." ಅವನ ಮನಸ್ಸಿನಲ್ಲಿ ಇದ್ದದ್ದು ಅವರಿಗೆ ಶ್ರಮ ಬೇಡ ಎಂದು. ಪಾಪ, ಹೇಳಿದ ರೀತಿ ಮಾತ್ರ ಚಿಕ್ಕ ಮಕ್ಕಳಿಗೆ ಹೇಳಿದಂತೆ ಆಯಿತು. ಟೀಚರಮ್ಮ ಕೈ ಮಡಿಲಲ್ಲಿ ಇಟ್ಟುಕೊಂಡು ಕೂರಲು ಶುರು ಮಾಡಿದರು.

ಮೂರನೆಯ ರಿಪೇರಿಯೂ ಆದ ಮೇಲೆ ಮಂಗಳವಾರ ಅದೇ ಪಾಡಾಯಿತು, ಮತ್ತೆ ಶುಕ್ರವಾರ ಬಂತು. ಬರುವಾಗ ಗಾಜು ಇಳಿಯಲಿಲ್ಲ, ಮತ್ತೆ ಸೀರೆ ಹಾಳಾಯಿತು. ಮನೆಯ ಮುಂದೆ ಇಳಿದ ಟೀಚರಮ್ಮ ಹೇಳಿದರು: "ಸಾಕಪ್ಪ. ಮಂಗಳವಾರ ನೀನು ಬರಬೇಡ. ನಾನು ಇನ್ನು ಹೋಗುವುದಿಲ್ಲ."

ಹೋಗದಿದ್ದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಎರಡು ಸಲ ತಪ್ಪಿಸಿದರೆ ನೀರು ಎದೆಗೆ ಏರುತ್ತದೆ, ಮೂರನೆಯ ಸಲ ಕರೆತರುವ ಕೆಲಸವೇ ಇರುವುದಿಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಇಲ್ಲಿ ಕೊಟ್ರೇಶಿ ತಡೆಯಲಾರದೆ ಬಾಯಿ ಹಾಕಿದ. "ಬೇರೆ ಕಾರಿನಲ್ಲಿ ಹೋಗಬಹುದಿತ್ತಲ್ಲ ಬುದ್ಧಿ?"

"ಬಂದ ನೋಡು ನಾಲ್ಕನೆಯ ಮೆಕ್ಯಾನಿಕ್" ಎಂದರು ಗುರುಗಳು. "ಚಾಲಕನೂ ಅದನ್ನೇ ಹೇಳಿದ. ಗೆಳೆಯನ ಗಾಡಿ ತರುತ್ತೇನೆ ಎಂದ. ಅದಕ್ಕೆ ಅವರು, ನಿನ್ನ ಗಾಡಿಯಲ್ಲೇ ಇಷ್ಟು ನಾಚಿಕೆಯಾಗುತ್ತದೆ, ಗುರುತಿಲ್ಲದವರ ಗಾಡಿಯಲ್ಲಿ ವಾಂತಿಯಾದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದರು. ನೀನು ಗಾಡಿಯ ಲೆಕ್ಕ ಹಾಕುತ್ತೀಯ. ಅವರು ಮಾನದ ಲೆಕ್ಕ ಹಾಕುತ್ತಿದ್ದರು. ಈಗ ಸುಮ್ಮನೆ ಕೇಳು."

ಚಾಲಕ ಮಂಗಳವಾರ ಬೆಳಿಗ್ಗೆ ಹೋಗಿ ಅವರ ಕಾಲು ಹಿಡಿದ. ಇದೊಂದು ಸಲ ಬನ್ನಿ ಎಂದ. ಅವರಿಗೆ ಕನಿಕರ ಹುಟ್ಟಿತು. ಇದೇ ಕೊನೆ ಎಂದು ಹೇಳಿ ಹತ್ತಿದರು.

ಅಂದು ಬರುವಾಗ ಅರ್ಧ ದಾರಿಯಲ್ಲಿ ಹೊಟ್ಟೆ ತೊಳಸಿತು. ಸೆರಗು ಒಡ್ಡಿಕೊಂಡರು. ಚಾಲಕ ಅವಸರದಲ್ಲಿ ಗಾಡಿ ಬದಿಗೆ ತಂದ. ಅದು ಒಂದು ತಗಡಿನ ಶೆಡ್ಡಿನ ಮುಂದೆ ನಿಂತಿತು. ಶೆಡ್ಡಿನಲ್ಲಿ ಒಬ್ಬ ಟ್ರ್ಯಾಕ್ಟರ್, ಆಟೋಗಳಿಗೆ ವೈರಿಂಗ್ ಮಾಡುತ್ತಿದ್ದ. ವಯಸ್ಸಾದವನು. ಚಾಲಕ ಅವನನ್ನು ಕೇಳಿದ್ದು ನೀರನ್ನು ಮಾತ್ರ. ರಿಪೇರಿಯ ಮೇಲೆ ಅವನಿಗೆ ನಂಬಿಕೆಯೇ ಹೋಗಿತ್ತು.

ವೈರಿಂಗಿನವನು ತಂಬಿಗೆಯಲ್ಲಿ ನೀರು ತಂದುಕೊಟ್ಟ. ಏರಿಸಿದ್ದ ಗಾಜು ನೋಡಿದ, ಒಳಗೆ ಕೂತವರನ್ನು ನೋಡಿದ. "ಗಾಜು ಯಾಕೆ ಇಳಿಸಿಲ್ಲ?" ಎಂದ. ಅಷ್ಟು ಸಾಕಾಯಿತು. ಚಾಲಕ ಅಲ್ಲೇ ನಿಂತು ಸ್ವಿಚ್ಚಿನಿಂದ ಹಿಡಿದು ದೃಷ್ಟಿಯವರೆಗೆ ಎಲ್ಲವನ್ನೂ ಒದರಿಬಿಟ್ಟ.

ವೈರಿಂಗಿನವನು ಕೇಳಿಸಿಕೊಂಡ. ಚಾಲಕ ಅವನಿಗೆ ತೋರಿಸಲೆಂದು ಬಲಗಡೆಯ ಬಾಗಿಲಿಗೆ ಕೈ ಹಾಕಿದ. "ತೆಗೆಯಬೇಡ. ಅಮ್ಮ ಹೇಗೆ ಕೂತಿದ್ದಾರೋ ಹಾಗೇ ಇರಲಿ" ಎಂದ ವೈರಿಂಗಿನವನು.

ಸುತ್ತು ಹಾಕಿ ಎಡಗಡೆಗೆ ಹೋದ. "ಪಕ್ಕದಲ್ಲಿ ಕೂರಲೇನಮ್ಮಾ? ಬಟ್ಟೆಯೆಲ್ಲ ಎಣ್ಣೆ, ಕೆಳಗೆ ಗೋಣಿ ಹಾಸಿಕೊಳ್ಳುತ್ತೇನೆ" ಎಂದು ಕೇಳಿದ. ಅವರು ತಲೆ ಆಡಿಸಿದರು. ಅವನು ಒಳಗೆ ಕೂತು ಬಾಗಿಲು ಮುಚ್ಚಿಕೊಂಡ.

ಮಟಮಟ ಮಧ್ಯಾಹ್ನ. ಒಳಗೆ ಸೆಕೆ, ವಾಂತಿಯ ವಾಸನೆ. ಅವನು ಮೂಗು ಮುಚ್ಚಿಕೊಳ್ಳಲಿಲ್ಲ. ಸಲಕರಣೆ ಒಂದನ್ನೂ ತಂದಿರಲಿಲ್ಲ. ಹೊರಗೆ ಚಾಲಕ ಚಡಪಡಿಸುತ್ತಿದ್ದ. ಈ ಮನುಷ್ಯ ಕೆಲಸ ಬಿಟ್ಟು ಒಳಗೆ ಕೂತು ಏನು ಮಾಡುತ್ತಿದ್ದಾನೆ ಎಂದು ಅವನಿಗೆ ಸಿಟ್ಟು ಬರುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ವೈರಿಂಗಿನವನ ಹಣೆಯಿಂದ ಬೆವರು ಇಳಿಯಿತು. "ಇದರಲ್ಲಿ ಹೇಗೆ ಕೂತು ಬರುತ್ತೀರಮ್ಮಾ?" ಎಂದ.

ಅಷ್ಟು ದಿನದಲ್ಲಿ ಆ ಕಿಟಕಿ ಕೆಟ್ಟದ್ದರ ವಿಷಯವಾಗಿ ಟೀಚರಮ್ಮನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಅವರು ಕಣ್ಣು ಒರೆಸಿಕೊಂಡರು.

"ಇದು ಯಾವತ್ತಾದರೂ ತಾನಾಗಿ ಇಳಿದದ್ದು ಉಂಟೇ?" ಎಂದು ಅವನು ಮತ್ತೆ ಕೇಳಿದ.

ಅವರು ಹೊರಗೆ ನಿಂತ ಚಾಲಕನತ್ತ ಒಂದು ಸಲ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಎರಡು ಸಲ ಇಳಿದಿದೆ. ವಾಪಸು ಬಂದು ಮನೆಯ ಮುಂದೆ ನಿಂತಾಗ. ತಡೆಯಲಾರದೆ ನಾನು ಸ್ವಿಚ್ ಒತ್ತಿಕೊಂಡೇ ಇದ್ದೆ. ಅವನು ಹೊರಗಿನಿಂದ ಬಾಗಿಲು ತೆಗೆದ. ತೆಗೆಯುತ್ತಿದ್ದ ಹಾಗೆ ಗಾಜು ನಾಲ್ಕು ಬೆರಳು ಇಳಿಯಿತು. ನಾನು ಹೆದರಿ, ಅವನು ನೋಡುವ ಮೊದಲೇ ಮತ್ತೆ ಏರಿಸಿ ಕೈ ತೆಗೆದೆ. ಮುಟ್ಟಬೇಡಿ ಎಂದಿದ್ದನಲ್ಲ. ನಾನು ಒತ್ತಿ ಒತ್ತಿಯೇ ಇದು ಕೆಡುತ್ತಿದೆ ಎಂದು ನನಗೆ ಭಯ."

ವೈರಿಂಗಿನವನು ನಗಲಿಲ್ಲ. "ಈಗ ಒತ್ತಿರಿ ಅಮ್ಮಾ, ಬಿಡಬೇಡಿ" ಎಂದ. ಅವರು ಒತ್ತಿದರು. ಗಾಜು ಅಲುಗಲಿಲ್ಲ. ಅವನು ಚಾಲಕನಿಗೆ ಕೂಗಿ, ಆ ಬಾಗಿಲನ್ನು ನಿಧಾನವಾಗಿ ತೆಗೆ ಎಂದ. ಚಾಲಕ ತೆಗೆದ. ಬಾಗಿಲು ಅರ್ಧಕ್ಕೆ ಬಂದಾಗ ಗಾಜು ಒಂದು ಸಲ ಬೆಚ್ಚಿತು. ಪೂರ್ತಿ ತೆರೆದಾಗ ಸರಸರನೆ ಇಳಿಯತೊಡಗಿತು. ಮುಚ್ಚು ಎಂದ. ಮುಚ್ಚಿದ. ಇಳಿಯುತ್ತಿದ್ದ ಗಾಜು ಅಲ್ಲಿಗೇ ನಿಂತಿತು.

ಬಾಗಿಲು ಕಾರಿಗೆ ಕೂಡುವ ಕಡೆ, ಕೀಲಿನ ಪಕ್ಕದಲ್ಲಿ ಒಂದು ರಬ್ಬರ್ ಕೊಳವೆ ಇರುತ್ತದೆ. ಬಾಗಿಲಿಗೆ ಹೋಗುವ ತಂತಿಗಳೆಲ್ಲ ಅದರೊಳಗಿಂದಲೇ ಹೋಗುತ್ತವೆ. ಬಾಗಿಲು ತೆಗೆದು ಮುಚ್ಚಿದಂತೆಲ್ಲ ಅವು ಬಗ್ಗುತ್ತವೆ, ನೀಳವಾಗುತ್ತವೆ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಅದರಲ್ಲಿ ಒಂದು ತಂತಿ ಒಳಗೇ ತುಂಡಾಗಿತ್ತು. ಮೇಲಿನ ಹೊದಿಕೆ ಮಾತ್ರ ಗಟ್ಟಿಯಾಗಿಯೇ ಇತ್ತು, ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಬಾಗಿಲು ತೆಗೆದಾಗ ತುಂಡಾದ ಎರಡು ತುದಿಗಳು ಕೂಡುತ್ತಿದ್ದವು. ಮುಚ್ಚಿದಾಗ ಬೇರೆಯಾಗುತ್ತಿದ್ದವು. ಮೂರು ಗ್ಯಾರೇಜಿನವರೂ ಬಾಗಿಲು ತೆಗೆದು ನಿಂತು ನೋಡಿದ್ದರು. ಅವರಿದ್ದಾಗ ಅದು ಯಾವತ್ತೂ ಕೆಡಲೇ ಇಲ್ಲ.

ವೈರಿಂಗಿನವನು ಕೊಳವೆ ಜಾರಿಸಿ, ತಂತಿ ಹುಡುಕಿ, ನಡುವೆ ಒಂದು ಗೇಣು ಹೊಸ ತಂತಿ ಸೇರಿಸಿ ಬೆಸುಗೆ ಹಾಕಿದ. ಮತ್ತೆ ಎಳೆತ ಬೀಳದಂತೆ ಸ್ವಲ್ಪ ಸಡಿಲ ಬಿಟ್ಟು ಟೇಪ್ ಸುತ್ತಿದ. ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಆಮೇಲೆ ಬಾಗಿಲು ಮುಚ್ಚಿ, "ನೀವೇ ಒತ್ತಿರಿ ಅಮ್ಮಾ" ಎಂದ. ಅವರು ಒತ್ತಿದರು. ಗಾಜು ಇಳಿಯಿತು, ಗಾಳಿ ಒಳಗೆ ಬಂತು.

ಚಾಲಕನಿಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. "ಇಷ್ಟು ದಿನ ನೀವು ಪಟ್ಟ ಪಾಡು ನೋಡಿ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಮಾತು ಹೇಳಬಾರದಿತ್ತೇ ಟೀಚರಮ್ಮ?" ಎಂದ.

"ನೀನು ಅಷ್ಟು ಓಡಾಡುತ್ತಿದ್ದೆ ಕಣಪ್ಪ. ಹೇಳಿದರೆ ನಿನಗೆ ಬೇಜಾರಾದೀತು ಎಂದುಕೊಂಡೆ. ನೀನೂ ಕೇಳಲಿಲ್ಲ" ಎಂದರು ಅವರು.

ಅದರಲ್ಲಿ ದೂರುವ ದನಿ ಸ್ವಲ್ಪವೂ ಇರಲಿಲ್ಲ. ಅದಕ್ಕೇ ಚಾಲಕನಿಗೆ ನಿಲ್ಲಲು ಆಗಲಿಲ್ಲ. ಬಾಗಿಲು ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ಕುಸಿದು ಕೂತು ಅತ್ತ. ಅವರು ಕಿಟಕಿಯಿಂದ ಕೈ ಚಾಚಿ ಅವನ ತಲೆ ಸವರಿದರು. ನನಗೆ ಈ ಕತೆ ಹೇಳಿದವನು ಆ ವೈರಿಂಗಿನವನೇ.

ಮುಂದಿನ ಶುಕ್ರವಾರ ಟೀಚರಮ್ಮ ಆಸ್ಪತ್ರೆಗೆ ಹೋದರು. ಅದರ ಮುಂದಿನ ಮಂಗಳವಾರವೂ ಹೋದರು. ಗಾಜು ಯಾವಾಗ ಇಳಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ಅವರೇ ನೋಡಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶಿಯ ಕಣ್ಣಿನಲ್ಲಿ ಹೊಳಪು ಬಂತು.

"ತಿಳಿಯಿತು ಬುದ್ಧಿ" ಎಂದ. "ದೋಷ ಗಾಜಿನಲ್ಲಿ ಇರಲಿಲ್ಲ, ಮೋಟಾರಿನಲ್ಲೂ ಇರಲಿಲ್ಲ. ಕಣ್ಣಿಗೆ ಕಾಣದ ತಂತಿಯಲ್ಲಿತ್ತು. ಜೀವಕ್ಕೂ ಶಿವನಿಗೂ ನಡುವಿನ ತಂತಿಯೂ ಹೀಗೆಯೇ. ಬಹಳ ಚೆನ್ನಾಗಿದೆ. ನಾಳೆ ಹೋಗಿ ಆ ಬಡಗಿಗೆ ಇದನ್ನೇ ಹೇಳುತ್ತೇನೆ."

ಗುರುಗಳಿಗೆ ರೇಗಿತು. ಬಯ್ಯಲೆಂದು ಬಾಯಿ ತೆರೆದರು. ಆದರೆ ಹುಡುಗನ ಮುಖದಲ್ಲಿದ್ದದ್ದು ಒಳ್ಳೆಯ ಮನಸ್ಸೇ. ನಾಲ್ಕು ಸಲ ಬಿಸಿಲಿನಲ್ಲಿ ನಡೆದುಕೊಂಡು ಹೋಗಿ ಬಂದವನು. ಸಿಟ್ಟನ್ನು ನುಂಗಿಕೊಂಡರು.

"ಹೇಳುವುದು ಇರಲಿ ಮಗಾ" ಎಂದರು. "ಆ ಬಡಗಿಯ ಹೆಂಡತಿಯ ಹೆಸರೇನು?"

ಕೊಟ್ರೇಶಿಗೆ ಗೊತ್ತಿರಲಿಲ್ಲ.